ಡಿಕ್ಕಿಯ ಅಳತೆಯಿಂದ ಶುರುವಾದ ಲೆಕ್ಕ: ನ್ಯೂಜಿಲೆಂಡ್‌ನಲ್ಲಿ ಆರು ಜನಕ್ಕೆ ಗಾಡಿ ಹುಡುಕಿದ್ದು

ಆಗಸ್ಟ್‌ನ ಒಂದು ಭಾನುವಾರ ಮನೆಯ ಹಾಲ್‌ನಲ್ಲಿ ನೆಲಕ್ಕೆ ಟೇಪ್ ಅಂಟಿಸುತ್ತಾ ಕೂತಿದ್ದೆ. "ಇದೇನೋ ಇದು, ರಂಗೋಲಿ ಹಾಕ್ತಿದೀಯಾ?" ಅಂತ ಅಮ್ಮ ಕೇಳಿದರು. ಕಾರಿನ ಡಿಕ್ಕಿ ಬರೀತಿದೀನಿ ಅಂದೆ. ಟೇಪಿನ ಚೌಕದೊಳಗೆ ನಮ್ಮ ನಾಲ್ಕು ದೊಡ್ಡ ಸೂಟ್‌ಕೇಸ್ ನಿಲ್ಲಿಸಿ ನೋಡಿದೆ. ಎರಡು ಒಳಗೆ ಹಿಡಿದವು. ಮೂರನೆಯದು ಅರ್ಧ ಆಚೆ. ನಾಲ್ಕನೆಯದಕ್ಕೆ ಜಾಗವೇ ಇಲ್ಲ. ಮೂರು ವಾರದಿಂದ ನಾನು ನೋಡಿಟ್ಟಿದ್ದ ಏಳು ಸೀಟಿನ ಎಸ್‌ಯುವಿಯ ಆಸೆ ಅಲ್ಲಿಗೆ ಬಿಟ್ಟೆ.

ನಾವು ಹೊರಟಿದ್ದು ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪಕ್ಕೆ, 2024ರ ಡಿಸೆಂಬರ್‌ನಲ್ಲಿ. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊ, ಮೌಂಟ್ ಕುಕ್, ಕ್ವೀನ್ಸ್‌ಟೌನ್, ಟೆ ಅನೌ, ಮಿಲ್ಫರ್ಡ್ ಸೌಂಡ್. ವಾಪಸ್ ಬರುವಾಗ ವಾನಕ, ಹಾಸ್ಟ್ ಪಾಸ್, ಫ್ರಾಂಜ್ ಜೋಸೆಫ್, ಹೊಕಿಟಿಕ, ಆರ್ಥರ್ಸ್ ಪಾಸ್ ದಾಟಿ ಮತ್ತೆ ಕ್ರೈಸ್ಟ್‌ಚರ್ಚ್. 12 ದಿನ, ಸುಮಾರು 2,100 ಕಿ.ಮೀ. ಅಲ್ಲೂ ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸೋದು, ಸ್ಟೀರಿಂಗ್ ಬಲಕ್ಕೆ. ಆ ದೇಶ ಆರಿಸಿಕೊಳ್ಳಲು ಅದೂ ಒಂದು ಕಾರಣ. ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಬಲಗಡೆ ಓಡಿಸೋದನ್ನು ಕಲಿಯುವ ಧೈರ್ಯ ನನಗಿರಲಿಲ್ಲ.

ನಾವು ಗಾಡಿ ಅಂದರೆ ಸೀಟು ಎಣಿಸುವ ಜನ. ಇನ್ನೋವಾದಲ್ಲಿ ಎಂಟು ಜನ ಧರ್ಮಸ್ಥಳಕ್ಕೆ ಹೋಗಿ ಬಂದವರು. ಆದರೆ ಅಲ್ಲಿ ಲಗೇಜು ಮೇಲಿನ ಕ್ಯಾರಿಯರ್‌ಗೆ ಹೋಗುತ್ತದೆ, ಟಾರ್ಪಾಲಿನ್ ಹೊದಿಸಿ ಹಗ್ಗ ಬಿಗಿದರೆ ಮುಗಿಯಿತು. ಬಾಡಿಗೆ ಕಾರಿಗೆ ಕ್ಯಾರಿಯರ್ ಇರಲ್ಲ. ಏಳು ಸೀಟಿನ ಹೆಚ್ಚಿನ ಎಸ್‌ಯುವಿಗಳಲ್ಲಿ ಮೂರನೇ ಸಾಲು ಎತ್ತಿ ನಿಲ್ಲಿಸಿದರೆ ಹಿಂದೆ ಉಳಿಯೋದು ತರಕಾರಿ ಚೀಲ ಇಡುವಷ್ಟು ಜಾಗ. ನಾನು ನೋಡಿಟ್ಟಿದ್ದ ಟೊಯೋಟಾ ಹೈಲ್ಯಾಂಡರ್‌ನಲ್ಲಿ ಅದು 241 ಲೀಟರ್. ಕಿಯಾ ಕಾರ್ನಿವಲ್ ಅನ್ನುವ ವ್ಯಾನ್‌ನಲ್ಲಿ ಮೂರೂ ಸಾಲಿನಲ್ಲಿ ಜನ ಕೂತಿದ್ದರೂ 627 ಲೀಟರ್. ಅದರ ಹಿಂಭಾಗದಲ್ಲಿ ನೆಲ ಬಾವಿಯ ಹಾಗೆ ಕೆಳಗೆ ಇಳಿದಿರುತ್ತದೆ, ಸೂಟ್‌ಕೇಸ್‌ಗಳನ್ನು ನಿಲ್ಲಿಸಿಯೇ ಇಡಬಹುದು. ನಮ್ಮ ದೊಡ್ಡ ಸೂಟ್‌ಕೇಸ್ ಒಂದೊಂದೂ ಹತ್ತಿರ ಹತ್ತಿರ 100 ಲೀಟರ್. ಲೆಕ್ಕ ಸುಲಭವಾಯಿತು.

ಇನ್ನೊಂದು ಲೆಕ್ಕ ಅಮ್ಮನ ಮಂಡಿಯದು. ಎತ್ತರದ ಎಸ್‌ಯುವಿಗೆ ದಿನಕ್ಕೆ ಹತ್ತು ಸಲ ಹತ್ತಿ ಇಳಿಯೋದು ಅವರಿಂದ ಆಗದು. ಕಾರ್ನಿವಲ್‌ನ ಬಾಗಿಲು ಪಕ್ಕಕ್ಕೆ ಜಾರುತ್ತದೆ, ಮೆಟ್ಟಿಲೂ ತಗ್ಗು. ಅಪ್ಪ ಮುಂದೆ, ಅಮ್ಮ ಮತ್ತು ಮಗ ನಡುವೆ, ಮಗಳು ಮತ್ತು ನನ್ನ ಹೆಂಡತಿ ಹಿಂದೆ ಅಂತ ಕಾಗದದಲ್ಲಿ ಬರೆದುಕೊಂಡೆ. ಮೂರನೇ ದಿನಕ್ಕೆ ಎಲ್ಲರೂ ಜಾಗ ಬದಲಾಯಿಸಿಕೊಂಡರು, ಅದು ಬೇರೆ ವಿಷಯ.

ಕ್ಯಾಂಪರ್ ವ್ಯಾನ್ ಯೋಚನೆಯೂ ಬಂದಿತ್ತು. ಮಲಗೋದು, ಅಡುಗೆ, ಓಡಾಟ ಎಲ್ಲಾ ಒಂದರಲ್ಲೇ. ವಿಡಿಯೋದಲ್ಲಿ ಚೆನ್ನಾಗಿಯೇ ಕಾಣಿಸುತ್ತದೆ. ಆದರೆ ಅದರ ಟಾಯ್ಲೆಟ್ ಡಬ್ಬವನ್ನು ನಾವೇ ಹೊತ್ತುಕೊಂಡು ಹೋಗಿ ಖಾಲಿ ಮಾಡಬೇಕು ಅಂತ ಗೊತ್ತಾದ ತಕ್ಷಣ ಅಮ್ಮ "ಹಾಗಾದ್ರೆ ನಾನು ಮನೇಲೇ ಇರ್ತೀನಪ್ಪ" ಅಂದುಬಿಟ್ಟರು. ಅಡುಗೆಮನೆ ಇರುವ ಮೋಟೆಲ್‌ಗಳು ಅಲ್ಲಿ ಊರೂರಲ್ಲೂ ಸಿಗುತ್ತವೆ. ರೈಸ್ ಕುಕ್ಕರ್ ಒಂದು ಜೊತೆಗಿದ್ದರೆ ಸಾಕು. ಅಂದ ಹಾಗೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಏನೇ ಒಯ್ದರೂ ಇಳಿಯುವ ಮುಂಚೆ ಫಾರಂನಲ್ಲಿ ತಪ್ಪದೆ ಹೇಳಿ. ಹೇಳದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.

ಬುಕಿಂಗ್ ಮಾಡುವಾಗ ಒಂದು ವಿಷಯ ಸರಿಯಾಗಿ ಓದಬೇಕು. ಬಾಡಿಗೆ ಕಂಪನಿಗಳು ಮಾದರಿಯನ್ನು ಕೊಡಲ್ಲ, ವರ್ಗವನ್ನು ಕೊಡುತ್ತವೆ. ಫೋಟೋದಲ್ಲಿ ಕಾರ್ನಿವಲ್ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ "ಅಥವಾ ಇಂಥದ್ದೇ ಇನ್ನೊಂದು" ಅಂತ ಇರುತ್ತದೆ. ಅವರ ಕಣ್ಣಿಗೆ ಏಳೆಂಟು ಸೀಟಿನದೆಲ್ಲ ಇಂಥದ್ದೇ. ನಾನು ಹಣ ಕಟ್ಟುವ ಮುಂಚೆ ಮೇಲ್ ಬರೆದೆ. ಆರು ಜನ, ನಾಲ್ಕು ದೊಡ್ಡ ಸೂಟ್‌ಕೇಸ್, ಎರಡು ಚಿಕ್ಕವು, ವಯಸ್ಸಾದವರಿದ್ದಾರೆ, ಜಾರುವ ಬಾಗಿಲಿನ ವ್ಯಾನ್ ಆಗದಿದ್ದರೆ ಈಗಲೇ ಹೇಳಿ ಅಂತ. ಕೊಡುತ್ತೇವೆ ಅಂತ ಉತ್ತರ ಬಂತು. ಅದನ್ನು ಪ್ರಿಂಟ್ ಹಾಕಿ ಪಾಸ್‌ಪೋರ್ಟ್ ಕವರಿನಲ್ಲಿಟ್ಟೆ. "ಅದನ್ನೂ ಪ್ರಿಂಟ್ ಹಾಕಿಸಬೇಕೇನ್ರೀ?" ಅಂತ ಹೆಂಡತಿ ನಕ್ಕಳು.

ಲೈಸೆನ್ಸ್ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಸ್ಮಾರ್ಟ್ ಕಾರ್ಡ್‌ನಲ್ಲಿ ವಿವರ ಇಂಗ್ಲಿಷ್‌ನಲ್ಲಿ ಇರುವುದರಿಂದ ನ್ಯೂಜಿಲೆಂಡ್ ಪ್ರವಾಸಕ್ಕೆ ಅದೇ ಸಾಕು. ಆದರೂ ನಾವಿಬ್ಬರೂ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡೆವು. ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಪರ್ಮಿಟ್ ಒಂದೇ ಇದ್ದರೆ ಆಗದು, ಅಸಲಿ ಲೈಸೆನ್ಸ್ ಕಾರ್ಡ್ ಜೊತೆಯಲ್ಲೇ ಇರಬೇಕು. ಮೊಬೈಲ್‌ನಲ್ಲಿ ಡಿಜಿಲಾಕರ್ ತೋರಿಸಿದರೆ ನಡೆಯುತ್ತೆ ಅಂದುಕೊಳ್ಳಬೇಡಿ. ಎರಡನೇ ಡ್ರೈವರ್ ಹೆಸರೂ ಒಪ್ಪಂದದಲ್ಲಿ ಬರೆಸಬೇಕು. ಬರೆಸದೆ ಓಡಿಸಿ ಏನಾದರೂ ಆದರೆ ಇನ್ಶೂರೆನ್ಸ್ ಇದ್ದೂ ಇಲ್ಲದ ಹಾಗೆ.

ಇನ್ಶೂರೆನ್ಸ್ ನನ್ನ ತಲೆ ಜಾಸ್ತಿ ತಿಂದಿದ್ದು. ಅಲ್ಲಿನ ವ್ಯವಸ್ಥೆಯೇ ಬೇರೆ. ನಮ್ಮಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ, ನ್ಯೂಜಿಲೆಂಡ್‌ನಲ್ಲಿ ಅಲ್ಲ. ಅಪಘಾತದಲ್ಲಿ ಪೆಟ್ಟಾದರೆ ಚಿಕಿತ್ಸೆಗೆ ಎಸಿಸಿ ಅನ್ನುವ ಸರ್ಕಾರಿ ವ್ಯವಸ್ಥೆ ನೆರವಾಗುತ್ತದೆ. ತಪ್ಪು ಯಾರದು ಅಂತ ಅದು ಕೇಳಲ್ಲ, ಪ್ರವಾಸಿಗಳಿಗೂ ಅನ್ವಯ. ಆದರೆ ಗಾಡಿಗೆ ಆದ ನಷ್ಟಕ್ಕೆ ಅದು ಬರಲ್ಲ, ಕಾಯಿಲೆಗೂ ಬರಲ್ಲ. ಅಪ್ಪ ಅಮ್ಮನಿಗೆ ಟ್ರಾವೆಲ್ ಇನ್ಶೂರೆನ್ಸ್ ಬೇರೆಯೇ ಮಾಡಿಸಿದೆ.

ಗಾಡಿಯ ಬಾಡಿಗೆಯಲ್ಲೇ ಒಂದು ಮಟ್ಟದ ಇನ್ಶೂರೆನ್ಸ್ ಸೇರಿರುತ್ತದೆ. ಆದರೆ ಅದರಲ್ಲಿ 'ಎಕ್ಸೆಸ್' ಅಂತ ಒಂದು ಮೊತ್ತ ಇರುತ್ತದೆ. ಏನೇ ಆದರೂ ಅಷ್ಟರ ತನಕ ನಮ್ಮ ಕೈಯಿಂದಲೇ. ನಮ್ಮ ಒಪ್ಪಂದದಲ್ಲಿ ಅದು 5,000 ಡಾಲರ್. ಆಗಿನ ಲೆಕ್ಕದಲ್ಲಿ ಎರಡೂಕಾಲು ಲಕ್ಷ ರೂಪಾಯಿ ಮೀರಿತ್ತು. ಪಾರ್ಕಿಂಗ್‌ನಲ್ಲಿ ಯಾರೋ ಉಜ್ಜಿಕೊಂಡು ಹೋಗಿ, ಅವರು ಸಿಗದಿದ್ದರೂ ಕೊಡಬೇಕಾದವರು ನಾವೇ. ದಿನಕ್ಕೆ ಇಷ್ಟು ಅಂತ ಹೆಚ್ಚಿಗೆ ಕೊಟ್ಟರೆ ಆ ಮೊತ್ತ ಇಳಿಯುತ್ತದೆ. ನಾನು ನಡುವಿನದನ್ನು ತೆಗೆದುಕೊಂಡೆ. ಎಕ್ಸೆಸ್ 1,500 ಡಾಲರ್‌ಗೆ ಇಳಿಯಿತು. ಪೂರ್ತಿ ಸೊನ್ನೆ ಮಾಡಿಸಿಕೊಳ್ಳಬಹುದಿತ್ತು. ಈಗ ಕೇಳಿದರೆ, ಮನೆಮಂದಿಯ ಜೊತೆ ಹೋಗುವವರು ಸೊನ್ನೆಯದನ್ನೇ ತಗೊಳ್ಳಿ ಅನ್ನುತ್ತೇನೆ. ಪ್ರತಿ ಪಾರ್ಕಿಂಗ್‌ನಲ್ಲೂ ನಾನು ಹೊಟ್ಟೆ ಬಿಗಿಹಿಡಿದು ಕೂತಿದ್ದೆ.

ಸೊನ್ನೆ ಮಾಡಿಸಿದರೂ ಒಪ್ಪಂದದಲ್ಲಿ ಏನು ಬರಲ್ಲ ಅನ್ನುವ ಪುಟ ಒಂದಿರುತ್ತದೆ. ಅದನ್ನು ಮೊದಲು ಓದಿ. ನಮ್ಮದರಲ್ಲಿ ಗಾಡಿಯ ಅಡಿಭಾಗ, ಛಾವಣಿ, ತಪ್ಪು ಇಂಧನ ತುಂಬಿಸಿದ್ದು, ಕೀ ಕಳೆದದ್ದು ಬರುತ್ತಿರಲಿಲ್ಲ. ಹೋಗಬಾರದ ರಸ್ತೆಗಳ ಪಟ್ಟಿಯೂ ಇತ್ತು. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪರ್ಸ್ ರಸ್ತೆ ಅದರಲ್ಲಿ ಮೊದಲನೆಯದು. ಬೆಟ್ಟದ ಅಂಚಿನಲ್ಲಿ ಕೊರೆದ ಇಕ್ಕಟ್ಟು ಮಣ್ಣುದಾರಿ. ಅಪ್ಪ ಅದರ ಫೋಟೋ ನೋಡಿ, "ಪಟ್ಟಿಯಲ್ಲಿ ಇಲ್ಲದಿದ್ರೂ ಹೋಗ್ತಿರಲಿಲ್ಲ ಬಿಡು" ಅಂದರು.

ವಿಮಾನ ಇಳಿದ ದಿನ ಗಾಡಿ ತೆಗೆದುಕೊಳ್ಳಲಿಲ್ಲ. ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ರಾತ್ರಿಯಿಡೀ ಇನ್ನೊಂದು ವಿಮಾನ, ಡಿಸೆಂಬರ್‌ನಲ್ಲಿ ನಮಗಿಂತ ಏಳೂವರೆ ಗಂಟೆ ಮುಂದಿರುವ ಗಡಿಯಾರ. ಆ ಕಣ್ಣಲ್ಲಿ ಹೊಸ ಗಾಡಿ ಓಡಿಸೋದು ಬೇಡ ಅಂತ ಕ್ರೈಸ್ಟ್‌ಚರ್ಚ್‌ನಲ್ಲೇ ಮಲಗಿದೆವು. ಒಂದು ದಿನದ ಬಾಡಿಗೆಯೂ ಉಳಿಯಿತು.

ಮರುದಿನ ಕೌಂಟರ್‌ನಲ್ಲಿ ನಾನು ಹೆದರಿದ್ದೇ ಆಯಿತು. ಹುಡುಗ ಕೀ ಕೊಟ್ಟ. ಹೊರಗೆ ನಿಂತಿದ್ದದ್ದು ಏಳು ಸೀಟಿನ ಎಸ್‌ಯುವಿ. "ನಿಮಗೆ ಮೇಲಿನ ದರ್ಜೆ ಕೊಟ್ಟಿದ್ದೇವೆ ಸರ್" ಅಂತ ನಗು ಬೇರೆ. ನಾನು ಜಗಳ ಆಡಲಿಲ್ಲ. ಹಿಂದಿನ ಬಾಗಿಲು ತೆಗೆದು, ಮೂರನೇ ಸಾಲು ಎತ್ತಿ, ನಮ್ಮ ಎರಡು ಸೂಟ್‌ಕೇಸ್ ಇಟ್ಟೆ. ಉಳಿದದ್ದನ್ನು ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದೆ. ಅಮ್ಮ ಮೂರನೇ ಸಾಲನ್ನೇ ನೋಡುತ್ತಾ ನಿಂತರು. ಆಮೇಲೆ ಆ ಮೇಲ್ ಪ್ರಿಂಟ್ ಕೈಗಿಟ್ಟೆ. ಅವನು ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದ. ಎರಡು ಗಂಟೆ ಕಾದೆವು. ಇನ್ನೊಬ್ಬರು ವಾಪಸ್ ಕೊಟ್ಟ ಕಾರ್ನಿವಲ್ ತೊಳೆದು ತಂದು ನಿಲ್ಲಿಸಿದರು. ಹೆಂಡತಿ ಪ್ರಿಂಟ್ ಬಗ್ಗೆ ಆಮೇಲೆ ಏನೂ ಹೇಳಲಿಲ್ಲ.

ಮಗನಿಗೆ ಬೂಸ್ಟರ್ ಸೀಟು, ಅಂದರೆ ಮಕ್ಕಳನ್ನು ಎತ್ತರಿಸಿ ಕೂರಿಸುವ ಸೀಟು, ಮೊದಲೇ ಹೇಳಿದ್ದೆವು. ಏಳು ವರ್ಷ ತುಂಬುವ ತನಕ ಮಕ್ಕಳಿಗೆ ಅಲ್ಲಿ ಕಡ್ಡಾಯ. ತೊಡೆ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ. ಮೊದಲ ದಿನ ಅತ್ತ, ಎರಡನೇ ದಿನ ಅದು ಅವನ ಸಿಂಹಾಸನವಾಯಿತು.

ಹೊರಡುವ ಮುಂಚೆ ಗಾಡಿಯ ಸುತ್ತ ನಿಧಾನವಾಗಿ ಒಂದು ವಿಡಿಯೋ ತೆಗೆದೆ. ಚಕ್ರದ ರಿಮ್, ಗಾಜು, ಬಂಪರ್‌ನ ಕೆಳಗೆ, ಮೈಲೇಜ್ ಮೀಟರ್ ಎಲ್ಲಾ ಸೇರಿಸಿ. ಐದು ನಿಮಿಷದ ಕೆಲಸ.

ಗಾಡಿ ಉದ್ದ 5.15 ಮೀಟರ್. ಇನ್ನೋವಾಗಿಂತ ಒಂದಡಿಗೂ ಜಾಸ್ತಿ. ಅದಕ್ಕೆ ತಕ್ಕ ಹಾಗೆ ದಾರಿಯನ್ನೂ ಬದಲಾಯಿಸಿದೆ. ಟೆ ಅನೌನಿಂದ ವಾನಕಕ್ಕೆ ಹೋಗುವಾಗ ಕ್ರೌನ್ ರೇಂಜ್ ಅನ್ನುವ ಬೆಟ್ಟದ ರಸ್ತೆಯೇ ಹತ್ತಿರದ್ದು. ಆದರೆ ಅದು ಸಾವಿರ ಮೀಟರ್ ಮೀರಿದ ಎತ್ತರದ ತನಕ ಸುತ್ತಿ ಸುತ್ತಿ ಹತ್ತುತ್ತದೆ. ಚಾರ್ಮಾಡಿ ಘಾಟಿಯಲ್ಲಿ ನಿಂಬೆಹಣ್ಣು ಮೂಸುತ್ತಾ ಕೂರುವ ಅಮ್ಮನಿಗೆ ಅದು ಬೇಡ ಅಂತ ಕ್ರಾಮ್‌ವೆಲ್ ಕಡೆಯಿಂದ ಹೋದೆವು. ಸ್ವಲ್ಪ ಜಾಸ್ತಿ ಹೊತ್ತು, ಅಷ್ಟೇ.

ವೇಗದ ಮಿತಿ ಊರಾಚೆ ಗಂಟೆಗೆ 100 ಕಿ.ಮೀ. ಆದರೆ ತಿರುವು, ಫೋಟೋ, ಮಕ್ಕಳ ಮೂತ್ರ ಎಲ್ಲಾ ಸೇರಿ ನಮ್ಮ ಸರಾಸರಿ 60 ದಾಟಲಿಲ್ಲ. ಫೋನ್ ತೋರಿಸುವ ಸಮಯಕ್ಕೆ ಅರ್ಧದಷ್ಟು ಇನ್ನೂ ಸೇರಿಸಿ. ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳು ಪಶ್ಚಿಮ ಕರಾವಳಿಯಲ್ಲಿ ಬಹಳ. ಫಲಕದಲ್ಲಿ ಚಿಕ್ಕ ಕೆಂಪು ಬಾಣ ನಾವು ಹೋಗುವ ದಿಕ್ಕು ತೋರಿಸಿದರೆ ನಿಂತು ಎದುರಿನವರಿಗೆ ದಾರಿ ಬಿಡಬೇಕು. ಹಿಂದೆ ಗಾಡಿಗಳ ಸಾಲು ಬೆಳೆದರೆ ಪಕ್ಕಕ್ಕೆ ಸರಿದು ಬಿಡುವುದು ಅಲ್ಲಿ ಬರೀ ಮರ್ಯಾದೆಯಲ್ಲ, ನಿಯಮ. ಯಾರೂ ಹಾರ್ನ್ ಹೊಡೆಯಲ್ಲ. ಅದಕ್ಕೇ ಕನ್ನಡಿ ನೋಡುತ್ತಿರಬೇಕು. ಆ ಕೆಲಸ ಅಪ್ಪ ವಹಿಸಿಕೊಂಡರು. "ಹಿಂದೆ ಮೂರಿದಾವೆ, ಬಿಡೋ" ಅನ್ನುತ್ತಿದ್ದರು.

ನಮ್ಮ ಕಾರ್ನಿವಲ್ ಡೀಸೆಲ್‌ನದು. ಬಂಕ್‌ನಲ್ಲಿ ಡೀಸೆಲ್ ಪೆಟ್ರೋಲ್‌ಗಿಂತ ತುಂಬಾ ಅಗ್ಗ ಅಂತ ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ಪೆಟ್ರೋಲ್ ಬೆಲೆಯೊಳಗೇ ಇರುವ ರಸ್ತೆ ತೆರಿಗೆ ಡೀಸೆಲ್ ಬೆಲೆಯಲ್ಲಿ ಇಲ್ಲ. ಡೀಸೆಲ್ ಗಾಡಿಗಳು ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಬೇರೆ ಕಟ್ಟುತ್ತವೆ. ಆಗ 1,000 ಕಿ.ಮೀ.ಗೆ 76 ಡಾಲರ್ ಇತ್ತು. ಬಾಡಿಗೆ ಕಂಪನಿ ಗಾಡಿ ವಾಪಸ್ ಕೊಡುವಾಗ ಅದನ್ನು ವಸೂಲಿ ಮಾಡುತ್ತದೆ. ಮೊದಲೇ ಕೇಳಿಟ್ಟುಕೊಳ್ಳಿ.

ಟೆ ಅನೌನಿಂದ ಮಿಲ್ಫರ್ಡ್‌ಗೆ 118 ಕಿ.ಮೀ. ಹೊರಡುವ ಮುಂಚೆ ಟ್ಯಾಂಕ್ ತುಂಬಿಸಿದೆವು, ದಾರಿಯಲ್ಲಿ ಬಹುಪಾಲು ಫೋನ್ ಸಿಗ್ನಲ್ಲೇ ಇಲ್ಲ. ಹೋಮರ್ ಸುರಂಗದ ಬಾಯಲ್ಲಿ ಟ್ರಾಫಿಕ್ ಸಿಗ್ನಲ್‌ಗೆ ಕಾಯುತ್ತಿದ್ದಾಗ ಕಿಯಾ ಅನ್ನುವ ಬೆಟ್ಟದ ಗಿಳಿ ಬಂದು ವೈಪರ್‌ನ ರಬ್ಬರ್ ಕಿತ್ತಿತು. ಗಾಡಿಯ ಹೆಸರೂ ಕಿಯಾ, ಗಿಳಿಯ ಹೆಸರೂ ಕಿಯಾ ಅಂತ ಮಕ್ಕಳಿಗೆ ನಗು. ನನಗೆ 1,500 ಡಾಲರ್ ನೆನಪಾಯಿತು.

ವಾಪಸ್ ಕೊಡುವಾಗ ಆ ರಬ್ಬರ್ ತೋರಿಸಿ ನಾನೇ ಹೇಳಿದೆ. ಕೌಂಟರ್‌ನಾಕೆ "ಗಿಳಿನಾ?" ಅಂತ ಕೇಳಿ ನಕ್ಕು ಬಿಟ್ಟಳು. ಏನೂ ಹಾಕಲಿಲ್ಲ. ದುಡ್ಡು ಹೋಗಿದ್ದು ಬೇರೆ ಕಡೆ.

ಗಾಡಿ ತೆಗೆದುಕೊಳ್ಳುವಾಗ ಆ 1,500 ಡಾಲರ್ ಠೇವಣಿಗೆ ನನ್ನ ಕ್ರೆಡಿಟ್ ಕಾರ್ಡ್ ಉಜ್ಜಿದ್ದರು. ಕಾರ್ಡ್ ಮುಖ್ಯ ಡ್ರೈವರ್ ಹೆಸರಿನಲ್ಲೇ ಇರಬೇಕು, ಫಾರೆಕ್ಸ್ ಕಾರ್ಡ್ ಆಗಲ್ಲ ಅಂದಿದ್ದರು. ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿ ಏರಿಸಿ, ಪಿನ್ ನೆನಪಿಟ್ಟುಕೊಂಡು ಹೋಗಿದ್ದೆ. ಅಷ್ಟೆಲ್ಲಾ ಮಾಡಿಯೂ ಒಂದು ಪ್ರಶ್ನೆ ಕೇಳಲು ಮರೆತೆ. ಹಣವನ್ನು ಸುಮ್ನೆ ತಡೆಹಿಡಿಯುತ್ತೀರಾ, ಇಲ್ಲಾ ನಿಜವಾಗಿಯೇ ಕಡಿತ ಮಾಡುತ್ತೀರಾ ಅಂತ. ತಡೆಹಿಡಿದರೆ ಆಮೇಲೆ ಹಾಗೇ ಬಿಟ್ಟುಬಿಡುತ್ತಾರೆ. ಇವರು ಕಡಿತ ಮಾಡಿದ್ದರು. ಹಾಗಾಗಿ ಹೋಗುವಾಗ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಸೇರಿ ಹೋಯಿತು, ಬರುವಾಗ ಆ ದಿನದ ದರಕ್ಕೆ ಬಂತು. ನಾವು ಊರಿಗೆ ಬಂದ ಒಂಬತ್ತನೇ ದಿನ ಮೆಸೇಜ್ ಬಂತು. ಕಳಿಸಿದ್ದು ಪೂರ್ತಿ 1,500 ಡಾಲರ್. ನನ್ನ ಲೆಕ್ಕಕ್ಕೆ ಸೇರಿದ್ದು, ಹೋಗಿದ್ದಕ್ಕಿಂತ ಮೂರೂವರೆ ಸಾವಿರ ರೂಪಾಯಿ ಕಮ್ಮಿ.