ಡಯಾಲಿಸಿಸ್ ಸೂಜಿಯ ನೋವಿಗೆ ಐಸ್: ಯಾವ ಕೈಗೆ, ಎಷ್ಟು ಹೊತ್ತು?

ಅತ್ತೆಯವರನ್ನು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಕರೆತರುವಾಗಲೆಲ್ಲ ಒಂದು ತಪ್ಪು ನನ್ನ ಕಣ್ಣಿಗೆ ಬೀಳುತ್ತದೆ: ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲೆಂದು ಶಸ್ತ್ರಚಿಕಿತ್ಸೆಯಿಂದ ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಗೇ ಐಸ್ ಒತ್ತುವುದು. ತಣುಪಿಗೆ ರಕ್ತನಾಳ ಕುಗ್ಗುತ್ತದೆ; ಸೂಜಿ ಹಾಕುವುದು ಇನ್ನೂ ಕಷ್ಟವಾಗುತ್ತದೆ. ಪ್ರತಿ ಸಲ 2 ದಪ್ಪ ಸೂಜಿ, ವಾರಕ್ಕೆ 3 ಸಲವೆಂದರೆ 6 ಚುಚ್ಚು. ಐಸ್ ಇಡಬೇಕಾದದ್ದು ಇನ್ನೊಂದು ಕೈಗೆ.

ಮೊದಲು ವೈದ್ಯರ ಒಪ್ಪಿಗೆ ಪಡೆಯಿರಿ. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದಿದ್ದರೆ ಇದು ಬೇಡ. ಐಸನ್ನು ಮನೆಯಿಂದಲೇ ಫ್ಲಾಸ್ಕಿನಲ್ಲಿ ತನ್ನಿ.

ತೂಕ ನೋಡಿ, ಫಿಸ್ಟುಲಾ ಕೈಯನ್ನು ಸೋಪಿನಿಂದ ತೊಳೆದು, ಹಾಸಿಗೆಯ ಮೇಲೆ ಮಲಗಿಸಿದ ನಂತರವೇ ಶುರುಮಾಡಿ. ಹೊರಗೆ ಕಾಯುವಾಗ ಉಜ್ಜಿದರೆ ಸೂಜಿಯ ಹೊತ್ತಿಗೆ ತಣುಪು ಇಳಿದಿರುತ್ತದೆ. ಸಿಪ್ಪೆ ಸುಲಿಯದ ಅಡಿಕೆಯಷ್ಟು ಗಾತ್ರದ ಐಸ್ ತುಂಡನ್ನು ಒದ್ದೆ ಮಾಡಿದ ತೆಳು ಹತ್ತಿಬಟ್ಟೆಯಲ್ಲಿ ಸುತ್ತಿ. ಇನ್ನೊಂದು ಕೈಯ ಹಿಂಬದಿಯಲ್ಲಿ, ಹೆಬ್ಬೆರಳು ಮತ್ತು ತೋರುಬೆರಳು ಕೂಡುವ ಮೆತ್ತನೆಯ ಜಾಗದ ಮೇಲೆ ಸಣ್ಣ ಸುತ್ತಿನಲ್ಲಿ ಆಡಿಸುತ್ತಿರಿ. ಆಕ್ಯುಪಂಕ್ಚರ್‌ನವರು ಹೆಗು ಎನ್ನುವ ಬಿಂದು ಇದೇ. ಒಂದೇ ಕಡೆ ಒತ್ತಿ ಹಿಡಿಯಬೇಡಿ. ಸುಮಾರು 10 ನಿಮಿಷ ಹೀಗೆ ಮಾಡಿ, ಎರಡನೆಯ ಸೂಜಿ ಒಳಗೆ ಹೋಗುವವರೆಗೂ ಮುಂದುವರಿಸಿ. ಚರ್ಮ ಬಿಳಿಚಿದರೆ, ಉರಿ ಎಂದರೆ ತಕ್ಷಣ ತೆಗೆಯಿರಿ. ಚುಚ್ಚುವ ಕ್ಷಣಕ್ಕೆ ನಿಧಾನವಾಗಿ ಉಸಿರು ಬಿಡಲು ಹೇಳಿ. ಅತ್ತೆ ಆಗೆಲ್ಲ ನನ್ನ ಸೆರಗನ್ನು ಬಿಗಿಹಿಡಿಯುತ್ತಿದ್ದರು, ಈಗ ಬೆರಳುಗಳು ಸಡಿಲವಾಗಿರುತ್ತವೆ.

ಅಂಗಡಿಯ ದೊಡ್ಡ ಜೆಲ್ ಪ್ಯಾಕ್ ಕೊಳ್ಳಬೇಡಿ, ಅದು ಆ ಸಣ್ಣ ಜಾಗಕ್ಕೆ ಕೂರುವುದಿಲ್ಲ. ನೋವಿನ ಬಾಮನ್ನು ಫಿಸ್ಟುಲಾ ಕೈಗೆ ಹಚ್ಚಲೇಬೇಡಿ.

ಡಯಾಲಿಸಿಸ್ ನಡುವೆ ಮೀನಖಂಡ ಹಿಡಿದುಕೊಂಡರೆ ಮೊದಲು ಸಿಬ್ಬಂದಿಯನ್ನು ಕೂಗಿ, ಯಂತ್ರ ಮೈಯಿಂದ ನೀರು ತೆಗೆಯುವ ವೇಗ ತಗ್ಗಿಸಬೇಕಾಗಬಹುದು. ಆಮೇಲೆ ಮೊಣಕಾಲು ನೇರ ಮಾಡಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಈ ಸೆಳೆತದ ಬೇರು ಹಲವರಲ್ಲಿ ಊಟದ ತಟ್ಟೆಯಲ್ಲೇ ಇದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ತಿಂದರೆ ಬಾಯಾರಿಕೆ. ನೀರು ಕುಡಿದಷ್ಟೂ ತೂಕ. 4 ಗಂಟೆಯಲ್ಲಿ ಅಷ್ಟನ್ನೂ ಹೊರತೆಗೆಯುವಾಗ ಸ್ನಾಯು ಸೆಟೆಯುತ್ತದೆ. ಇದಕ್ಕೆಂದು ‘ಕಡಿಮೆ ಸೋಡಿಯಂ’ ಉಪ್ಪಿಗೆ ಬದಲಾಯಿಸಬೇಡಿ: ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಹೃದಯಕ್ಕೇ ಅಪಾಯ.

ಬೆನ್ನುನೋವಿಗೆ ಸೊಂಟದ ಕೆಳಗೆ ಮಡಿಚಿದ ಬೈರಾಸು ಸಾಕು.

ಫಿಸ್ಟುಲಾ ಕೈ ಕೆಂಪಾಗಿ ಊದಿದರೆ, ಬೆರಳು ತಣ್ಣಗಾಗಿ ನೋಯತೊಡಗಿದರೆ, ಎದೆ ನೋವು ಬಂದರೆ ಇದಾವುದನ್ನೂ ಮಾಡುತ್ತಾ ಕೂರಬೇಡಿ. ಆ ಕ್ಷಣವೇ ವೈದ್ಯರಿಗೆ ತಿಳಿಸಿ.