ಪಾಯಿಂಟ್ ಹೋಯಿತೇ? ಮುಂದಿನ 25 ಸೆಕೆಂಡ್ ಹೀಗೆ ಬಳಸಿ

ಅಭ್ಯಾಸದಲ್ಲಿ ಹುಲಿ, ಟೂರ್ನಿಯಲ್ಲಿ ಇಲಿ. ಜೂನಿಯರ್ ಟೆನಿಸ್‌ನಲ್ಲಿ ಇಂಥ ಮಕ್ಕಳು ಬೇಕಾದಷ್ಟು ಇದ್ದಾರೆ. 4–1ರಲ್ಲಿ ಮುಂದಿದ್ದವರು ಒಂದು ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋಗುವುದು) ಮಾಡಿ, ಅದನ್ನೇ ನೆನೆದು 4–6ಕ್ಕೆ ಸೆಟ್ ಬಿಟ್ಟುಕೊಡುತ್ತಾರೆ. ‘ಗಮನ ಇಟ್ಟು ಆಡು’ ಎಂದು ಹೊರಗಿನಿಂದ ಕೂಗುವವರು, ಗಮನವನ್ನು ಎಲ್ಲಿ ಇಡಬೇಕು ಎಂದು ಮಾತ್ರ ಹೇಳುವುದಿಲ್ಲ. ಪಂದ್ಯದಲ್ಲಿ ಚೆಂಡು ಆಟದಲ್ಲಿರುವ ಹೊತ್ತಿಗಿಂತ ಎರಡು ಪಾಯಿಂಟ್‌ಗಳ ನಡುವಿನ ಹೊತ್ತೇ ಹೆಚ್ಚು. ಮನಸ್ಸು ಕೆಡುವುದೂ ಅಲ್ಲೇ, ಅದನ್ನು ಸರಿಮಾಡಿಕೊಳ್ಳಬೇಕಾದದ್ದೂ ಅಲ್ಲೇ.

1. ಮೊದಲು ಲೆಕ್ಕ ತಿಳಿಯಿರಿ

ರೋಜರ್ ಫೆಡರರ್ ತಾವಾಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟು ಗೆದ್ದರು. ಆದರೆ ಗೆದ್ದ ಪಾಯಿಂಟ್‌ಗಳು ಶೇ 54 ಮಾತ್ರ. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಅವರು ಜೊಕೊವಿಚ್‌ಗಿಂತ 14 ಪಾಯಿಂಟ್ ಹೆಚ್ಚು ಗಳಿಸಿಯೂ ಸೋತರು. ಚೆನ್ನಾಗಿ ಆಡಿದ ದಿನವೂ ಅರ್ಧಕ್ಕೆ ಹತ್ತಿರ ಪಾಯಿಂಟ್ ಹೋಗಿಯೇ ಹೋಗುತ್ತವೆ. ಹೋದದ್ದಕ್ಕೆಲ್ಲ ಮುಖ ಕೆಡಿಸಿಕೊಂಡರೆ ಆಡುವುದು ಯಾವಾಗ?

2. ಆ 25 ಸೆಕೆಂಡ್

ಒಂದು ಪಾಯಿಂಟ್ ಮುಗಿದು ಮುಂದಿನ ಸರ್ವ್ ಹೊಡೆಯಲು ನಿಯಮ ಕೊಡುವ ಗರಿಷ್ಠ ಸಮಯ 25 ಸೆಕೆಂಡ್. ಇದನ್ನು ನಾಲ್ಕು ಭಾಗ ಮಾಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಕ್ರೀಡಾ ಮನಶ್ಶಾಸ್ತ್ರಜ್ಞ ಜಿಮ್ ಲೋಹರ್. ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ.

ಪಾಯಿಂಟ್ ಮುಗಿದ ಕೂಡಲೇ ನೆಟ್‌ಗೆ ಬೆನ್ನು ಮಾಡಿ. ರಾಕೆಟನ್ನು ಆಡದ ಕೈಗೆ ದಾಟಿಸಿ, ಆಡುವ ಕೈಯನ್ನು ಸಡಿಲವಾಗಿ ಕೆಳಗೆ ಬಿಡಿ. ಹೊಡೆತ ತಪ್ಪಿದ್ದರೆ ಸರಿಯಾದ ಸ್ವಿಂಗನ್ನು ಗಾಳಿಯಲ್ಲಿ ಒಂದೇ ಒಂದು ಸಲ ಮಾಡಿ. ಎರಡನೇ ಸಲ ಮಾಡಿದರೆ ಅದು ತಿದ್ದುಪಡಿಯಲ್ಲ, ಕೊರಗು.

ಮುಂದಿನ ಹತ್ತು ಸೆಕೆಂಡ್ ಮೈ ಸಡಿಲಿಸಲು. ಕಣ್ಣು ರಾಕೆಟ್ಟಿನ ಸ್ಟ್ರಿಂಗ್ ಮೇಲಿರಲಿ. ಗ್ಯಾಲರಿ ಕಡೆಗೆ, ಪಕ್ಕದ ಕೋರ್ಟ್ ಕಡೆಗೆ ಹೋಗಬಾರದು. ಸಹಜವಾಗಿ ಉಸಿರು ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಇಂಥವು ಎರಡು ಉಸಿರು ಸಾಕು. ಮಕ್ಕಳು ಇಲ್ಲಿ ಮಾಡುವ ತಪ್ಪು ಒಂದೇ: ಎದೆಯುಬ್ಬಿಸಿ ದೊಡ್ಡದಾಗಿ ಉಸಿರೆಳೆದು ಹಿಡಿದುಬಿಡುತ್ತಾರೆ. ಆಗ ಭುಜ ಮೇಲೇರುತ್ತದೆ, ಹಿಡಿತ ಬಿಗಿಯಾಗುತ್ತದೆ, ಮಣಿಕಟ್ಟು ತಿರುಗುವುದಿಲ್ಲ, ಸರ್ವ್ ನೆಟ್‌ಗೆ ಬೀಳುತ್ತದೆ. ಆಮೇಲೆ ‘ಭಯಪಟ್ಟೆ’ ಎಂದು ಮನಸ್ಸನ್ನು ಬೈದುಕೊಳ್ಳುತ್ತಾರೆ.

ಬೇಸ್‌ಲೈನ್ (ಕೋರ್ಟಿನ ಹಿಂದಿನ ಗೆರೆ) ತಲುಪುವ ಮುನ್ನ ಸ್ಕೋರ್ ಹೇಳಿ, ಏನು ಮಾಡಬೇಕೆಂದು ನಿರ್ಧರಿಸಿ. ಒಂದೇ ನಿರ್ಧಾರ, ಅದೂ ಮಾಡುವ ಕೆಲಸದ ರೂಪದಲ್ಲಿ. ‘ಡಬಲ್ ಫಾಲ್ಟ್ ಬೇಡ’ ಎಂಬುದು ನಿರ್ಧಾರವಲ್ಲ. ‘ಬ್ಯಾಕ್‌ಹ್ಯಾಂಡ್‌ಗೆ ಸ್ಪಿನ್ ಸರ್ವ್, ಮುಂದಿನ ಚೆಂಡು ಕ್ರಾಸ್‌ಕೋರ್ಟ್’ ಎಂಬುದು ನಿರ್ಧಾರ (ಕ್ರಾಸ್‌ಕೋರ್ಟ್ ಎಂದರೆ ನೆಟ್ಟಿನ ನಡುಭಾಗದ ಮೇಲಿಂದ ಕರ್ಣದಲ್ಲಿ, ಎದುರಿನ ಓರೆ ಮೂಲೆಗೆ ಹೊಡೆಯುವುದು). ಬ್ರೇಕ್ ಪಾಯಿಂಟ್ (ಸೋತರೆ ನಿಮ್ಮ ಸರ್ವ್‌ನ ಗೇಮೇ ಹೋಗುವ ಪಾಯಿಂಟ್) ಎದುರಿಸುವಾಗ ಕ್ರಾಸ್‌ಕೋರ್ಟನ್ನೇ ಆರಿಸಿ. ನೆಟ್ಟಿನ ಎತ್ತರ ಕಂಬಗಳ ಬಳಿ 107 ಸೆಂ.ಮೀ., ನಡುವೆ 91.4 ಸೆಂ.ಮೀ. ಮಾತ್ರ, ಕೋರ್ಟಿನ ಉದ್ದವೂ ಕರ್ಣದಲ್ಲಿ ಹೆಚ್ಚು. ಕೈ ನಡುಗುವ ಹೊತ್ತಿನಲ್ಲಿ ಈ ಸೆಂಟಿಮೀಟರ್‌ಗಳೇ ಕಾಯುತ್ತವೆ.

ಕೊನೆಗೆ, ಸರ್ವ್ ಮಾಡುವವರು ಚೆಂಡನ್ನು ಪ್ರತಿ ಸಲವೂ ಅಷ್ಟೇ ಬಾರಿ ಪುಟಿಸಲಿ. ಮೂರೋ ಐದೋ ನಿಮ್ಮಿಷ್ಟ, ತುಂಬಾ ಸಲ ಪುಟಿಸುವ ಜೊಕೊವಿಚ್‌ರನ್ನು ನಕಲು ಮಾಡಬೇಡಿ. ರಿಟರ್ನ್ ಮಾಡುವವರು ಕಾಲು ನಿಲ್ಲಿಸದೆ ಸಣ್ಣಗೆ ಕುಣಿಯುತ್ತಿರಲಿ. ಸರ್ವ್ ಮಾಡುವವರ ನ್ಯಾಯವಾದ ವೇಗಕ್ಕೆ ನೀವು ಹೊಂದಿಕೊಳ್ಳಬೇಕೆಂಬುದು ನಿಯಮ. ಹಾಗಾಗಿ ಎದುರಾಳಿ ಚುರುಕಾಗಿದ್ದರೆ ಎರಡರ ಬದಲು ಒಂದೇ ಉಸಿರು ಸಾಕು.

ಇದನ್ನೆಲ್ಲ ಅಭ್ಯಾಸದ ಸೆಟ್‌ಗಳಲ್ಲೇ ರೂಢಿಸಿಕೊಳ್ಳಬೇಕು. ಪ್ರತಿ ಗೇಮನ್ನು 0–30ರಿಂದ (ಸರ್ವ್ ಮಾಡುವವರು ಎರಡು ಪಾಯಿಂಟ್ ಹಿಂದೆ) ಆರಂಭಿಸಿ, ಸರ್ವ್ ಒಂದೇ ಅವಕಾಶ ಎಂಬ ಷರತ್ತು ಹಾಕಿ. ಒತ್ತಡ ತಾನಾಗಿ ಬರುತ್ತದೆ. ಬುಟ್ಟಿಗಟ್ಟಲೆ ಚೆಂಡು ಹೊಡೆದರೆ ತೋಳು ಪಳಗುತ್ತದೆ, ತಲೆ ಪಳಗುವುದಿಲ್ಲ.

ಅಡ್ಡದಾರಿಗಳ ಬಗ್ಗೆಯೂ ಒಂದು ಮಾತು. ಏಕಾಗ್ರತೆ ಹೆಚ್ಚಿಸುತ್ತದೆ ಎಂದು ಮಾರುವ ಅಯಸ್ಕಾಂತದ ಬ್ಯಾಂಡ್‌ಗೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ಗ್ರಿಪ್ ಸುತ್ತಿಸಿ. ಪಂದ್ಯಕ್ಕೆ ಮುಂಚೆ ಎನರ್ಜಿ ಡ್ರಿಂಕ್ ಕುಡಿಸಲೇಬೇಡಿ. ಮೊದಲೇ ಬಡಿದುಕೊಳ್ಳುವ ಎದೆಗೆ ಕೆಫೀನ್ ಬೇರೆ ಏಕೆ?

3. ಬದಿ ಬದಲಿಸುವಾಗ

90 ಸೆಕೆಂಡ್. ನೀರು, ಟವೆಲ್, ‘ಯಾವುದು ಕೆಲಸ ಮಾಡುತ್ತಿದೆ?’ ಎಂಬ ಒಂದು ಪ್ರಶ್ನೆ. ಸೆಟ್‌ನ ಮೊದಲ ಗೇಮ್ ನಂತರ ಕೂರುವಂತಿಲ್ಲ.

4. ಲೈನ್ ಜಗಳ

ಅಂಪೈರ್ ಇಲ್ಲದ ಪಂದ್ಯದಲ್ಲಿ ನಿಮ್ಮ ಬದಿಯ ಗೆರೆಗೆ ನೀವೇ ತೀರ್ಪುಗಾರರು. ಸಂಶಯವಿದ್ದರೆ ಚೆಂಡು ಒಳಗೆ ಎಂದೇ ಲೆಕ್ಕ. ಎದುರಾಳಿ ಒಳಗಿನ ಚೆಂಡನ್ನು ‘ಔಟ್’ ಎಂದರೆ ‘ಖಚಿತವಾ?’ ಎಂದು ಒಮ್ಮೆ ಕೇಳಿ. ಮತ್ತೆ ಹಾಗೇ ಆದರೆ ರೆಫರಿಯನ್ನು ಕರೆಯಿರಿ. ಸೇಡಿಗೆ ನೀವೂ ಸುಳ್ಳು ಹೇಳಿದಿರೋ, ಮುಂದಿನ ಮೂರು ಗೇಮ್ ತಲೆ ಅಲ್ಲೇ ಇರುತ್ತದೆ. ರಾಕೆಟ್ ಎಸೆದರೆ ಮನಸ್ಸು ಹಗುರಾಗುವುದೆಂಬ ಮಾತನ್ನೂ ನಂಬಬೇಡಿ: ಮೊದಲು ಎಚ್ಚರಿಕೆ, ಮತ್ತೆ ತಪ್ಪಿದರೆ ಒಂದು ಪಾಯಿಂಟ್ ದಂಡ.

5. ಅಪ್ಪ ಅಮ್ಮಂದಿರಿಗೆ

ಮಗು ಪಾಯಿಂಟ್ ಕಳೆದುಕೊಂಡಾಗ ನೋಡುವುದು ನಿಮ್ಮ ಮುಖವನ್ನು. ಗೆದ್ದಾಗಲೂ ಸೋತಾಗಲೂ ಅದು ಒಂದೇ ತೆರನಾಗಿರಲಿ. ಮನೆಗೆ ಹೋಗುವಾಗ ಕಾರಿನಲ್ಲಿ ಪಂದ್ಯದ ಮಾತು ಬೇಡ. 14 ವರ್ಷದೊಳಗಿನವರ ರ‍್ಯಾಂಕಿಂಗ್ ನೋಡಿ ನಿದ್ದೆಗೆಡುವವರು ಗಮನಿಸಿ: ಕೊಡಗಿನ ರೋಹನ್ ಬೋಪಣ್ಣ ಪುರುಷರ ಡಬಲ್ಸ್‌ನಲ್ಲಿ ಮೊದಲ ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು 2024ರಲ್ಲಿ, 43ನೇ ವಯಸ್ಸಿಗೆ. ಗ್ಯಾಲರಿಯಲ್ಲಿ ಕೂತು ಏನಾದರೂ ಮಾಡಲೇಬೇಕೆನಿಸಿದರೆ ಒಂದು ನೋಟ್‌ಬುಕ್ ಹಿಡಿಯಿರಿ. ಮಗು ಬೆನ್ನು ತಿರುಗಿಸಿ, ಉಸಿರು ಬಿಟ್ಟು ಆಡಿದ ಪಾಯಿಂಟ್‌ಗೆ ಸರಿ ಗುರುತು, ಬಿಟ್ಟದ್ದಕ್ಕೆ ಸೊನ್ನೆ. ಸ್ಕೋರ್ ಬರೆಯಬೇಡಿ. ಆ ಹಾಳೆಯನ್ನು ಮರುದಿನ ಕೋಚ್ ಕೈಗೆ ಕೊಡಿ.