ಸಮುದ್ರ ಎಡಗಡೆ ಇರಲಿ: ನಮ್ಮ ಕಡೆಯಿಂದ ನಾಲ್ಕು ದಿನದ ಕರಾವಳಿ ಪ್ರವಾಸ

ವಿಜಯಪುರದಲ್ಲಿ ರಾಷ್ಟ್ರೀಯ ಹೆದ್ದಾರಿ 52 ಹಿಡಿದು ಅದನ್ನು ಬಿಡದೆ ದಕ್ಷಿಣಕ್ಕೆ ಹೋದರೆ ಅಂಕೋಲಾ ಮುಟ್ಟುತ್ತೀರಿ. ಕೊಲ್ಹಾರ, ಗದ್ದನಕೇರಿ ಕ್ರಾಸ್, ಕೆರೂರ, ನರಗುಂದ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಸುಮಾರು 340 ಕಿ.ಮೀ. ಬಾಗಲಕೋಟೆಯವರು ಗದ್ದನಕೇರಿ ಕ್ರಾಸಿಗೆ ಬಂದು ಇದೇ ರಸ್ತೆ ಸೇರಬಹುದು. ಬೆಳಗಾವಿಯವರಿಗೆ ಧಾರವಾಡ, ಹಳಿಯಾಳದ ಮೇಲೆ ಯಲ್ಲಾಪುರ ಹತ್ತಿರ.

ಅಂಕೋಲಾದಲ್ಲಿ ಹೆದ್ದಾರಿ 66 ಸಿಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಕರಾವಳಿ ಹೆದ್ದಾರಿ ಎಂದರೆ ಉದ್ದಕ್ಕೂ ಸಮುದ್ರ ಕಾಣುತ್ತದೆ ಎಂದುಕೊಂಡು, ಸಿಕ್ಕಸಿಕ್ಕಲ್ಲಿ ನಿಲ್ಲುತ್ತ ದಕ್ಷಿಣಕ್ಕೆ ಹೊರಡುತ್ತಾರೆ. ಆದರೆ ಹೆಚ್ಚಿನ ಕಡೆ ರಸ್ತೆ ಒಳನಾಡಿನಲ್ಲೇ ಹಾಯುತ್ತದೆ. ಕಾಣುವುದು ತೆಂಗು, ಗುಡ್ಡ ಮತ್ತು ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಸೇತುವೆ. ಸಮುದ್ರ ಬೇಕೆಂದರೆ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಇಳಿಯಬೇಕು. ದಕ್ಷಿಣಕ್ಕೆ ಹೋಗುವಾಗ ಪಶ್ಚಿಮ ನಿಮ್ಮ ಬಲಕ್ಕಿರುತ್ತದೆ. ಚತುಷ್ಪಥದಲ್ಲಿ ನಡುವೆ ಡಿವೈಡರ್, ಎದುರಿನಿಂದ ಟ್ಯಾಂಕರ್ ಸಾಲು. ಪ್ರತಿ ಬೀಚಿಗೂ ಯು-ಟರ್ನ್ ಹುಡುಕಬೇಕಾಗುತ್ತದೆ. ಅದಕ್ಕೇ ಮೊದಲು ನಮ್ಮ ಪ್ರವಾಸದ ದಕ್ಷಿಣದ ತುದಿಯಾದ ಮರವಂತೆಗೆ ಸುಮ್ಮನೆ ಹೋಗಿಬಿಡಿ, ನಿಲ್ಲುವುದೆಲ್ಲ ಉತ್ತರಕ್ಕೆ ಮರಳುವಾಗ ಇರಲಿ. ಆಗ ಸಮುದ್ರ ಎಡಕ್ಕೆ ಬರುತ್ತದೆ, ಗಾಡಿ ಸಲೀಸಾಗಿ ಬದಿಗೆ ಹಾಕಬಹುದು.

ಕಾಲ: ನವೆಂಬರಿನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಮೇಲೆ ಬಿತ್ತು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ, ಹಾಗಾಗಿ ಮೀನೂಟದ ಆಸೆಯಿಂದ ಹೋದವರಿಗೂ ನಿರಾಸೆ.

ನಸುಕಿನ ನಾಲ್ಕಕ್ಕೇ ಹೊರಡುವ ರೂಢಿ ನಮ್ಮದು. ಕಬ್ಬಿನ ಹಂಗಾಮಿನಲ್ಲಿ ಅದು ತಪ್ಪು. ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ದೀಪವಿಲ್ಲದೆ ಕತ್ತಲಲ್ಲಿ ತೆವಳುವ ಟ್ರ್ಯಾಕ್ಟರ್ ಹತ್ತಿರ ಹೋಗುವತನಕ ಕಾಣುವುದಿಲ್ಲ. ಬೆಳಕು ಹರಿಯುವಾಗ, ಆರಕ್ಕೆ ಬಿಡಿ. ವಿಜಯಪುರದಿಂದ ಹತ್ತರ ಸುಮಾರಿಗೆ ಹುಬ್ಬಳ್ಳಿ, ಹನ್ನೊಂದೂವರೆಗೆ ಯಲ್ಲಾಪುರ, ಒಂದೂವರೆಗೆ ಅಂಕೋಲಾ. ಊಟ ಮುಗಿಸಿ ಮುರ್ಡೇಶ್ವರಕ್ಕೆ ಇನ್ನು 80 ಕಿ.ಮೀ. ಡಿಸೆಂಬರಿನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಐದರೊಳಗೆ ರೂಮಿಗೆ ಚೀಲ ಹಾಕಿದ್ದರೆ ದಂಡೆಗೆ ಹೊತ್ತಿಗೆ ಸರಿಯಾಗಿ ಹೋಗುತ್ತೀರಿ.

ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಾಟ್. ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡಿಸಿದ ಕಾಲು ಇಲ್ಲಿ ಸುಮ್ಮನೆ ಬ್ರೇಕಿನ ಮೇಲೇ ಕೂತಿರುತ್ತದೆ. ಬ್ರೇಕ್ ಕಾದು ಹಿಡಿತ ಬಿಡುವುದು ಹೀಗೆ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್: ತಿರುವಿಗೆ ಎರಡು, ನೇರಕ್ಕೆ ಮೂರು. ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಡಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಜಾಣತನ ಬೇಡ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ಅರ್ಧ ತಾಸು ನಿಲ್ಲಿಸಿ. ಕಾದ ಚಕ್ರಕ್ಕೆ ನೀರು ಸುರಿದರೆ ಡಿಸ್ಕ್ ಸೊಟ್ಟಗಾಗುತ್ತದೆ. ಘಾಟಿನಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ, ನಕ್ಷೆಯನ್ನು ಹುಬ್ಬಳ್ಳಿಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಎರಡನೇ ದಿನ ಮುಂಜಾನೆ ಸುಮಾರು 50 ಕಿ.ಮೀ. ಕೆಳಗೆ ಮರವಂತೆ. ರಸ್ತೆಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದಕ್ಕೆ ಸೌಪರ್ಣಿಕಾ ನದಿ. ಇಲ್ಲಿ ಮಾತ್ರ ಹೆದ್ದಾರಿಯೇ ದಂಡೆ. ಇಲ್ಲಿಂದ ತಿರುಗಿ ಉತ್ತರಕ್ಕೆ ಹೊರಡಿ. ಮಧ್ಯಾಹ್ನಕ್ಕೆ ಹೊನ್ನಾವರದ ಕಾಸರಕೋಡು: ಸ್ವಚ್ಛತೆ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಬೀಚು, ಹತ್ತಿರವೇ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ನಡಿಗೆ ಹಾದಿ. ರಾತ್ರಿ ಕುಮಟಾ.

ದಿನಕ್ಕೆ ಎರಡೇ ನಿಲುಗಡೆ. ಮೂರನೆಯದು ಸೇರಿಸಿದಿರೋ, ಮಕ್ಕಳು ನೀರಿಗಿಳಿದ ಹತ್ತೇ ನಿಮಿಷಕ್ಕೆ ಹೊರಡಿಸಬೇಕಾಗುತ್ತದೆ.

ನೀರಿನ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಾವಿಯಲ್ಲಿ, ಕೃಷ್ಣಾ ಹೊಳೆಯಲ್ಲಿ ಈಜು ಕಲಿತವರಿಗೆ ಸಮುದ್ರದಲ್ಲಿ ಆ ಧೈರ್ಯವೇ ಅಪಾಯ. ಇಳಿಯುವ ಮೊದಲು ಐದು ನಿಮಿಷ ಎತ್ತರದಲ್ಲಿ ನಿಂತು ನೋಡಿ. ಎರಡೂ ಬದಿ ಬಿಳಿ ನೊರೆಯ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ತುಸು ಕಪ್ಪಾಗಿ ಕಂಡರೆ ಅಲ್ಲಿಗೆ ಹೋಗಬೇಡಿ. ದಂಡೆಗೆ ಬಂದ ನೀರು ವಾಪಸ್ ಹೋಗುವ ಹಾದಿ ಅದು. ಸಿಕ್ಕಿಬಿದ್ದರೆ ದಂಡೆಯ ಕಡೆ ಈಜಿ ದಣಿಯಬಾರದು. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಅಲೆಯ ಜೊತೆ ಹೊರಬನ್ನಿ. ಕೆಂಪು ಬಾವುಟವಿದ್ದರೆ ಪಾದವೂ ನೆನೆಯಬೇಕಾಗಿಲ್ಲ.

ಗಾಡಿಯನ್ನು ಮರಳಿಗೆ ಇಳಿಸಬೇಡಿ. ಇಳಿತದ ಹೊತ್ತಿಗೆ ಗಟ್ಟಿ ನೆಲದಂತೆ ಕಂಡ ಜಾಗಕ್ಕೆ ಆರು ತಾಸಿನಲ್ಲಿ ನೀರು ಬಂದಿರುತ್ತದೆ. ಹುಗಿದೇಹೋದರೆ ಆಕ್ಸಿಲರೇಟರ್ ಒತ್ತಬೇಡಿ, ಚಕ್ರ ತನ್ನ ಗುಂಡಿ ತಾನೇ ತೋಡುತ್ತದೆ. ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ, ಎಳೆಯುವ ಚಕ್ರಗಳ ಮುಂದಿನ ಮರಳು ಕೈಯಿಂದ ತೆಗೆದು, ಕಾಲಡಿಯ ಮ್ಯಾಟ್ ತುರುಕಿ, ನಿಧಾನ ಎಬ್ಬಿಸಿ. ಹೊರಬಂದ ಕೂಡಲೇ ಮತ್ತೆ ಗಾಳಿ ತುಂಬಿಸಬೇಕು, ಆದ್ದರಿಂದ ಸಣ್ಣ ಪಂಪ್ ಡಿಕ್ಕಿಯಲ್ಲಿರಲಿ.

ಮೂರನೇ ದಿನ ಬೆಳಗ್ಗೆ ಮಿರ್ಜಾನ ಕೋಟೆ, ಹೆದ್ದಾರಿಯಿಂದ ಸುಮಾರು ಅರ್ಧ ಕಿ.ಮೀ. ಅಷ್ಟೇ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಬೆಸೆದ ಕೋಟೆ. ಚಿರೆಕಲ್ಲಿನ ಗೋಡೆ ಮಧ್ಯಾಹ್ನ ಕಾಯುತ್ತದೆ, ಹತ್ತರೊಳಗೆ ನೋಡಿ ಮುಗಿಸಿ. ಆಮೇಲೆ ಗೋಕರ್ಣ. ಗುಡಿ ಮಧ್ಯಾಹ್ನ ಮುಚ್ಚುತ್ತದೆ, ಗಂಡಸರು ಪಂಚೆ ಜೊತೆಗಿಟ್ಟುಕೊಳ್ಳಿ. ಸಂಜೆ ಓಂ ಬೀಚ್.

ಬುತ್ತಿಯ ವಿಷಯ: ಕಟಿ ರೊಟ್ಟಿ ಕರಾವಳಿಯ ಹವೆಗೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಊಟಕ್ಕೆ ಬೇಕಾದಷ್ಟೇ ತೆಗೆಯಿರಿ. ಶೇಂಗಾ ಚಟ್ನಿ, ಕರದಂಟಿಗೆ ಚಿಂತೆಯಿಲ್ಲ. ಮಾರ್ಚ್ ಕೊನೆಗೆ ಹೋದವರಿಗೆ ಕುಮಟಾದ ಆಚೀಚೆ ಹೆದ್ದಾರಿ ಬದಿ ಸಿಹಿ ಉಳ್ಳಾಗಡ್ಡಿಯ ಜಡೆಗಳು ತೂಗುತ್ತಿರುವುದು ಕಾಣುತ್ತದೆ. ಉಳ್ಳಾಗಡ್ಡಿ ಬೆಳೆಯುವ ನಾಡಿನವರು ಉಳ್ಳಾಗಡ್ಡಿ ಕೊಂಡು ತರುವುದೇ ಎಂದು ನಗಬೇಡಿ, ಹಸಿಯಾಗಿ ರೊಟ್ಟಿಗೆ ಕಡಿದು ನೋಡಿ. ಮುಚ್ಚಿದ ಡಿಕ್ಕಿಯಲ್ಲಿ ಬೆವೆತು ಕೊಳೆಯುತ್ತವೆ, ಸೀಟಿನ ಹಿಂದೆ ನೇತುಹಾಕಿ ತನ್ನಿ.

ನಾಲ್ಕನೇ ದಿನ ವಿಜಯಪುರ, ಬಾಗಲಕೋಟೆಯವರು ಅಂಕೋಲಾದಿಂದ ಬಂದ ಹಾದಿಯಲ್ಲೇ ಹಿಂದಿರುಗಬೇಕು. ಬೆಳಗಾವಿಯವರು ಕಾರವಾರಕ್ಕೆ ಹೋಗಿ ಟ್ಯಾಗೋರ್ ಬೀಚಿನ ಮಗ್ಗುಲಿನ ಐಎನ್‌ಎಸ್ ಚಾಪಲ್ ಯುದ್ಧನೌಕೆ ನೋಡಿಕೊಂಡು ಕದ್ರಾ, ಅಣಶಿ, ಜೊಯಿಡಾ, ರಾಮನಗರ, ಖಾನಾಪುರದ ಮೇಲೆ ಮನೆ ಸೇರಬಹುದು. ಅಣಶಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಕಾರವಾರದಲ್ಲೇ ಟ್ಯಾಂಕ್ ತುಂಬಿಸಿ, ಮಧ್ಯಾಹ್ನ ಎರಡರೊಳಗೆ ಘಾಟ್ ಹತ್ತಲು ಶುರುಮಾಡಿ.

ಮನೆ ಮುಟ್ಟಿದ ಮರುದಿನವೇ ಗಾಡಿಯ ತಳ, ಚಕ್ರದ ಒಳಬದಿ ಸಿಹಿನೀರಿನಿಂದ ತೊಳೆಸಿ. ಮೇಲಿನ ಧೂಳಿಗಿಂತ ತಳಕ್ಕೆ ಅಂಟಿದ ಉಪ್ಪೇ ತುಕ್ಕಿಗೆ ಮೂಲ.